ಅಪ್‌ಡೇಟ್: ಆ 1,299 ರೂಪಾಯಿಯ ತಲೆಗೆಣ್ಣೆ ಕಥೆ

ಹೋದ ವಾರ ಕೇಳಿದ್ದೆನಲ್ಲ, ರೀಲ್ಸ್ ಮಾಡುವವರೊಬ್ಬರು ತಮ್ಮ ಹೆಸರಲ್ಲೇ ಮಾರುವ 200 ಎಂಎಲ್ ತಲೆಗೆಣ್ಣೆ ಕೊಟ್ಟ ರೊಕ್ಕಕ್ಕೆ ತಕ್ಕದ್ದಾ ಅಂತ. ಉತ್ತರ ಸಿಕ್ಕಿತು.

ವಾಪಸ್ ಕಳಿಸೋದು ಆಗಲಿಲ್ಲ. ಸೀಲ್ ಒಡೆದದ್ದೇ ತಪ್ಪಂತೆ. ಎಣ್ಣೆ ಅಸಲಿಯಾ ಅಂತ ನೋಡಲು, ಒಬ್ಬರು ಹೇಳಿದಂತೆ ಫ್ರಿಜ್‌ನಲ್ಲೂ ಇಟ್ಟೆ, ಬೆಳ್ಳಗೆ ಗಟ್ಟಿಯಾಯಿತು. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೇ ಹೆಪ್ಪುಗಟ್ಟುತ್ತದೆ, ಅದರಿಂದ ಹೆಚ್ಚೇನೂ ಗೊತ್ತಾಗಲಿಲ್ಲ.

ಕೆಲಸಕ್ಕೆ ಬಂದದ್ದು "ಬಾಟಲಿ ಹಿಂದೆ ಓದಿ" ಅಂದವರ ಮಾತು. ಅಕ್ಷರ ಎಷ್ಟು ಸಣ್ಣ ಅಂದರೆ ಅಜ್ಜನ ಭೂತಗನ್ನಡಿಯೇ ಬೇಕಾಯಿತು. ಜಾಸ್ತಿ ಇರುವ ಪದಾರ್ಥ ಮೊದಲು ಬರೆದಿರುತ್ತಾರೆ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಎಳ್ಳೆಣ್ಣೆ. ವಿಡಿಯೋ ತುಂಬ ಹೊಗಳಿದ ಭೃಂಗರಾಜ ಅನ್ನೋ ಗಿಡಮೂಲಿಕೆ ಕಟ್ಟಕಡೆಗೆ, ಸೆಂಟಿನ ಪಕ್ಕ ಕೂತಿತ್ತು!

ಇನ್ನೊಂದು ಮಜಾ ಕೇಳಿ. ತಯಾರಿಸಿದ್ದು ಬೇರೆಯೇ ಕಂಪನಿ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಯಲ್ಲಿ 180 ರೂಪಾಯಿಯ ಅಷ್ಟೇ ದೊಡ್ಡ ಬಾಟಲಿ ತಿರುಗಿಸಿ ನೋಡಿದೆ. ಅದೇ ವಿಳಾಸ, ಅದೇ ಲೈಸೆನ್ಸ್ ನಂಬರು, ಪದಾರ್ಥಗಳ ಸಾಲೂ ಅದೇ. ಎರಡೂ ಒಂದೇ ಎಣ್ಣೆ ಅಂತ ಆಣೆ ಮಾಡಲಾರೆ, ಆದರೆ ಅನುಮಾನ ಬರುತ್ತೆ ಅಲ್ವಾ?

ಬಾಟಲಿ ಮಾತ್ರ ಚಂದ ಇದೆ. ಅವ್ವ ಎಣ್ಣೆಯನ್ನು ಹಳೇ ಡಬ್ಬಿಗೆ ಸುರಿದು, ಆ ಚಂದದ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ತುಂಬಿಟ್ಟಿದ್ದಾಳೆ.