ಸಹಾಯ ಬೇಕು: ಕೊಡಗಿನ ಮಳೆಗಾಲಕ್ಕೆ ಎಂಥ ಗೀಸರ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ನಮ್ಮ ತೋಟದ ಮನೆಗೆ ಬಿಸಿನೀರಿನ ಸ್ಟೋರೇಜ್ ಗೀಸರ್ ಕೊಳ್ಳಬೇಕೆಂದಿದ್ದು, ಈ ಭಾಗದಲ್ಲಿ ಬಳಸಿ ಅನುಭವವಿರುವವರ ಸಲಹೆಯನ್ನು ಕೋರುತ್ತೇನೆ. ಮನೆಯಲ್ಲಿ ಐವರಿದ್ದೇವೆ. ಈವರೆಗೆ ಹಂಡೆಯ ಒಲೆಯೇ ಆಧಾರವಾಗಿತ್ತು; ಸೌದೆಗೆ ಕೊರತೆಯಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಒಣಗಿಸಿಡುವುದೇ ದೊಡ್ಡ ಕೆಲಸ. ಅದೇ ತಿಂಗಳುಗಳಲ್ಲಿ ಬಿಸಿಲೂ ಇರದ ಕಾರಣ ಸೋಲಾರ್ ಯೋಚನೆಯನ್ನು ಬಿಟ್ಟಿದ್ದೇವೆ. ಚಳಿಗೆ ಕಿಟಕಿ ಮುಚ್ಚಿಯೇ ಇರುವ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಅಪಾಯಕಾರಿಯಾದ್ದರಿಂದ ಅದೂ ಬೇಡ.

ಮುಖ್ಯ ಚಿಂತೆ ವೋಲ್ಟೇಜಿನದು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1.2 ಯೂನಿಟ್ ವಿದ್ಯುತ್ ಬೇಕಾಗುವುದರಿಂದ 2 ಕಿಲೋವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆಗಿಂತ ತುಸು ಹೆಚ್ಚು ಸಮಯ ಸಾಕು. ಆದರೆ 230 ವೋಲ್ಟ್ ಇರಬೇಕಾದಲ್ಲಿ 160ಕ್ಕೆ ಇಳಿದರೆ ಕಾಯಿಸುವ ಶಕ್ತಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ, ಅಷ್ಟರೊಳಗೆ ಕರೆಂಟೇ ಹೋಗುವುದೂ ಉಂಟು. ಹೀಗಿರುವಾಗ ಶಾಖವನ್ನು ಚೆನ್ನಾಗಿ ಹಿಡಿದಿಡುವ 50 ಲೀಟರ್ ಟ್ಯಾಂಕನ್ನು ಕರೆಂಟ್ ಇದ್ದಾಗಲೇ ಕಾಯಿಸಿಟ್ಟುಕೊಳ್ಳುವುದು ಸರಿಯೇ, ಅಥವಾ 25 ಲೀಟರಿನ ಎರಡು ಗೀಸರ್‌ಗಳು ಮೇಲೇ? ರಾತ್ರಿ ಕಾಯಿಸಿದ ನೀರು ಬೆಳಗಿನ ಸ್ನಾನಕ್ಕೆ ಸಾಕಷ್ಟು ಬಿಸಿಯಾಗಿರುತ್ತದೆಯೇ?

ನೀರಿನ ತೊಟ್ಟಿ ಗುಡ್ಡದ ಮೇಲೆ, ಮನೆಗಿಂತ ಸುಮಾರು 30 ಮೀಟರ್ ಎತ್ತರದಲ್ಲಿದ್ದು, ಒತ್ತಡ 3 ಬಾರ್‌ನಷ್ಟಾಗುತ್ತದೆ. ಆದ್ದರಿಂದ ಎಷ್ಟೇ ಅಗ್ಗವಾದರೂ ಕಡಿಮೆ ಒತ್ತಡದ ಮಾದರಿಯನ್ನು ಕೊಳ್ಳಲಾರೆ. ಒರತೆಯ ನೀರಿಗೆ ಗ್ಲಾಸ್ ಲೇಪನದ ಟ್ಯಾಂಕ್ ಬಾಳುತ್ತದೆಯೇ, ಸ್ಟೀಲಿನದೇ, ಮತ್ತು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಆನೋಡ್ ರಾಡನ್ನು ಬದಲಿಸಿಕೊಡಲು ತೋಟದವರೆಗೆ ಬರುವ ಮೆಕ್ಯಾನಿಕ್‌ಗಳು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇದ್ದಾರೆಯೇ ಎಂಬುದನ್ನು ದಯವಿಟ್ಟು ತಿಳಿಸಿ.