ಇಂಜಿನ್ ಬ್ಲಾಕಿನಲ್ಲಿ ಕಚ್ಚಿ ಕೂತ ಕೂಲಂಟ್ ಪೈಪ್ ಬಿಡ್ತಾ ಇಲ್ಲ, ಉಪಾಯ ಹೇಳಿ

ಕುಂಬ್ಳೆ ಕೆಎಲ್14
ಇಂಜಿನ್ ಹಿಂದಿನ ಕಬ್ಬಿಣದ ಕೂಲಂಟ್ ಪೈಪ್ (ಇಂಜಿನ್ ತಣ್ಣಗಿಡುವ ನೀರಿನದ್ದು) ಬರುವುದೇ ಇಲ್ಲ. ಬೋಲ್ಟ್ ತೆಗೆದಾಯ್ತು, ಥರ್ಮೋಸ್ಟಾಟ್ ಕಡೆ ಬಿಟ್ಟಿತು. ಇನ್ನೊಂದು ತುದಿ ಮಾತ್ರ ಸಿಮೆಂಟು ಹಾಕಿದ ಹಾಗೆ ಕೂತಿದೆ. ತುಕ್ಕಿನ ಸ್ಪ್ರೇ ಡಬ್ಬಿ ಖಾಲಿ. ಪೈಪಿನ ಮಧ್ಯ ತೂತು ಬಿದ್ದು ಸೋರ್ತಾ ಉಂಟು, ಹೊಸ ಪೈಪ್ ಮಂಗಳೂರಿನಿಂದ ತರಿಸಿ ಇಟ್ಟಿದ್ದೇನೆ. ಸೋಮವಾರ ಗಾಡಿ ಬೇಕೇ ಬೇಕು. ಬೇಗ ಹೇಳಿ.

ಪೆರ್ಲದ ಸ್ಪ್ಯಾನರ್
ಯಾವ ಗಾಡಿ ಮಾರಾಯ್ರೆ? ಯಾವ ಇಂಜಿನ್? ಬ್ಲಾಕ್ ಅಲ್ಯುಮಿನಿಯಮ್ಮಾ, ಬೀಡು ಕಬ್ಬಿಣವಾ? ಇದು ಹೇಳದೆ ಎಂತ ಹೇಳುವುದು.

ಬದಿಯಡ್ಕ 1500
ಯಾವ ಗಾಡಿಯಾದರೂ ಮದ್ದು ಒಂದೇ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಅರ್ಧ, ಅಸಿಟೋನ್ ಅರ್ಧ. ಎರಡೂ ಬೇಗ ಬೇರೆಯಾಗ್ತದೆ, ಪ್ರತಿ ಸಲ ಕುಲುಕಿ ಹಾಕಿ. ರಾತ್ರಿ ಬಿಡಿ, ಬೆಳಿಗ್ಗೆ ಎಳೆಯಿರಿ.

ಪೆರ್ಲದ ಸ್ಪ್ಯಾನರ್
ಬೋಲ್ಟಿನ ಥ್ರೆಡ್ಡಿಗೆ ಅದು ಸರಿ, ಇಲ್ಲಿ ಅಲ್ಲ. ಪೈಪಿನ ತುದಿಯಲ್ಲಿ ಓ-ರಿಂಗ್, ಅಂದರೆ ನೀರು ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ಕೂತಿರ್ತದೆ. ಹೊರಗಿಂದ ಹಾಕಿದ ಎಣ್ಣೆ ಅಲ್ಲಿಗೇ ನಿಲ್ಲುತ್ತದೆ. ಅಲ್ಲದೆ ಅಲ್ಲಿ ಕಚ್ಚಿರುವುದು ಕೆಂಪು ತುಕ್ಕು ಮಾತ್ರ ಅಲ್ಲ, ಅಲ್ಯುಮಿನಿಯಮ್ಮಿನ ಬಿಳಿ ಪುಡಿ. ಅದು ಎಣ್ಣೆಯಲ್ಲಿ ಕರಗುವುದಿಲ್ಲ.

ಬದಿಯಡ್ಕ 1500
ಓ-ರಿಂಗ್ ಹಳತಾಗಿ ಬಿರಿದಿದ್ದರೆ ಎಣ್ಣೆ ಒಳಗೆ ಹೋಗಿಯೇ ಹೋಗ್ತದೆ. ಸ್ಪ್ರೇಗೆ ಸಮಯ ಕೊಡಬೇಕು, ಯಾರಿಗೂ ತಾಳ್ಮೆ ಇಲ್ಲ.

ಕುಂಬ್ಳೆ ಕೆಎಲ್14
ಹಳೇ ಹೋಂಡಾ ಸಿಟಿ, 2001, 1.5 ಪೆಟ್ರೋಲ್. ರೇಡಿಯೇಟರಿಗೆ ಯಾವಾಗಲೂ ಬಾವಿ ನೀರು. ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಬಿಚ್ಚಲಿಲ್ಲ, ಅಡಿಯಿಂದಲೇ ಎಳೀತಾ ಇದ್ದೇನೆ.

ಪೆರ್ಲದ ಸ್ಪ್ಯಾನರ್
ಇದನ್ನು ಮೊದಲೇ ಹೇಳಬೇಕಿತ್ತು. ಅದು ಅಲ್ಯುಮಿನಿಯಂ ಬ್ಲಾಕ್. ಉಕ್ಕಿನ ಪೈಪ್ ವಾಟರ್ ಪಂಪಿನ ಹಿಂದೆ ಬ್ಲಾಕಿನೊಳಗೆ ಹೋಗಿ ಕೂರ್ತದೆ. ಎರಡು ಲೋಹ, ನಡುವೆ ಇನ್ಹಿಬಿಟರ್ (ತುಕ್ಕು ತಡೆಯುವ ಮದ್ದು) ಇಲ್ಲದ ನೀರು. ಅದರಲ್ಲೂ ಕಡಲ ಕರೆಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಹತ್ತಿದರೆ ಅಲ್ಯುಮಿನಿಯಂ ಬೇಗ ತಿಂದುಹೋಗ್ತದೆ. ಅದರಿಂದ ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಪೈಪನ್ನು ಸುತ್ತಲೂ ಒತ್ತಿ ಹಿಡಿಯುತ್ತದೆ.

ಮ್ಯಾನಿಫೋಲ್ಡ್ ಬಿಚ್ಚಿ. ಅಡಿಯಿಂದ ಎಳೆದರೆ ಓರೆ ಎಳೆತವೇ ಆಗುವುದು, ಪೈಪ್ ತೂತಿನ ಬಾಯಲ್ಲಿ ಇನ್ನೂ ಬಿಗಿಯುತ್ತದೆ. ಬ್ಯಾಟರಿ ನೆಗೆಟಿವ್ ತೆಗೆದು, ಫ್ಯೂಯೆಲ್ ಪ್ರೆಶರ್ ಇಳಿಸಿ, ಆಮೇಲೆ ಕೈ ಹಾಕಿ. ಪೈಪಿನ ಬ್ರಾಕೆಟ್ ಬೋಲ್ಟ್ ಯಾವುದೂ ಉಳಿದಿಲ್ಲ ಅಂತ ಎಣ್ಣೆ ಜಿಡ್ಡು ಕೆರೆದು ನೋಡಿ. 10ರ ಸ್ಪ್ಯಾನರಿನ ಒಂದು ಬೋಲ್ಟ್ ಜಿಡ್ಡಿನ ಅಡಿ ಉಳಿದರೆ ಆನೆ ಎಳೆದರೂ ಬಾರದು.

ಆಮೇಲೂ ಎಳೆಯಬೇಡಿ, ತಿರುಗಿಸಿ. ಪೈಪಿನ ತೆರೆದ ಬಾಯಿಗೆ ಸರಿ ಹೊಂದುವ ಸಾಕೆಟ್ ಅಥವಾ ಮರದ ಗುಂಡು ತುಂಡು ತುರುಕಿ, ಇಲ್ಲದಿದ್ದರೆ ತೆಳು ಪೈಪ್ ಚಪ್ಪಟೆಯಾಗ್ತದೆ. ಆಯಿಲ್ ಫಿಲ್ಟರಿನ ಬೆಲ್ಟ್ ರೆಂಚಿನಲ್ಲಿ ಹಿಡಿದು ಅತ್ತ ಒಂದು ಕೂದಲೆಳೆ, ಇತ್ತ ಒಂದು ಕೂದಲೆಳೆ. ಅಲುಗಾಡಿದ ಮೇಲೆ ತಿರುಗಿಸುತ್ತಲೇ ಗೇರ್‌ಬಾಕ್ಸ್ ಕಡೆಗೆ ನೇರ ಎಳೆಯಿರಿ.

ಉಪ್ಪಳ ಟೂಲ್‌ಬಾಕ್ಸ್
ಬಿಸಿ ಯಾಕೆ ಯಾರೂ ಹೇಳುವುದಿಲ್ಲ? ಎಲ್‌ಪಿಜಿ ಟಾರ್ಚ್ ಹಿಡಿದರೆ ಎರಡು ನಿಮಿಷದ ಕೆಲಸ.

ಪೆರ್ಲದ ಸ್ಪ್ಯಾನರ್
ಬಿಸಿ ಸರಿ, ಬೆಂಕಿ ಬೇಡ. ಮೇಲೆ ಫ್ಯೂಯೆಲ್ ಲೈನ್, ಕೆಳಗೆ ಅಸಿಟೋನ್ ಸುರಿದ ಜಾಗ. ಹೀಟ್ ಗನ್ ಸಾಕು, ಅದೂ ಸ್ಪ್ರೇ, ಅಸಿಟೋನ್ ಎಲ್ಲ ಒರೆಸಿ ಗಾಳಿಗೆ ಒಣಗಿದ ಮೇಲೆ, ಪೈಪಿಗಲ್ಲ, ತೂತಿನ ಸುತ್ತ ಬ್ಲಾಕಿಗೆ. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 30 ಮಿ.ಮೀ. ತೂತು ಅಂತ ಹಿಡಿದರೂ 90 ಡಿಗ್ರಿ ಬಿಸಿ ಏರಿಸಿದರೆ ಸಿಗುವ ಸಡಿಲ ಸುಮಾರು 0.03 ಮಿ.ಮೀ. ಕಡಿಮೆ ಅನಿಸ್ತದೆ, ಬಿಳಿ ಪುಡಿಯ ಹಿಡಿತ ಮುರಿಯಲಿಕ್ಕೆ ಅಷ್ಟು ಸಾಕಾಗ್ತದೆ. ಆ ಹೊತ್ತಿಗೆ ಪೈಪಿನ ಒಳಗೆ ಒದ್ದೆ ಬಟ್ಟೆ ತುರುಕಿ ತಣ್ಣಗಿಟ್ಟರೆ ಇನ್ನೂ ಒಳ್ಳೆಯದು.

ಉಪ್ಪಳ ಟೂಲ್‌ಬಾಕ್ಸ್
ನನ್ನ ಹತ್ತಿರ 2 ಕಿಲೋ ತೂಕದ ಸ್ಲೈಡ್ ಹ್ಯಾಮರ್ (ತೂಕ ಜಾರಿಸಿ ಹೊಡೆದು ಎಳೆಯುವಂಥದ್ದು) ಉಂಟು, ಬೇರಿಂಗ್ ಪುಲ್ಲರ್ ಪೂರ್ತಿ ಸೆಟ್ಟು ಉಂಟು. ಇಂಡಕ್ಷನ್ ಹೀಟರ್ ಕೂಡ ತರಿಸಿದ್ದೇನೆ, ಫೋಟೋ ಹಾಕ್ತೇನೆ. ಹೊಸಂಗಡಿ ಆಚೆ ಈಚೆ ಇದ್ದವರು ಬೇಕಾದರೆ ಕೇಳಿ.

ಬದಿಯಡ್ಕ 1500
ಸ್ಲೈಡ್ ಹ್ಯಾಮರಿಗೆ ತುಕ್ಕು ಹಿಡಿದ ಪೈಪ್ ತಾಳುವುದಿಲ್ಲ. ಎಟಿಎಫ್ ಹಾಕಿ ಅಂತ ಮೊದಲೇ ಹೇಳಿದ್ದೆ.

ಕುಂಬ್ಳೆ ಕೆಎಲ್14
ಮ್ಯಾನಿಫೋಲ್ಡ್ ಬಿಚ್ಚಿದೆ, ಬಿಸಿ ಮಾಡಿದೆ, ತಿರುಗಿತು. ಆದರೆ ಪೈಪ್ ತುಂಡಾಯ್ತು. ಒಂದು ಬೆರಳಿನಷ್ಟು ಬ್ಲಾಕಿನ ಒಳಗೇ ಉಳಿದಿದೆ. ಇನ್ನೆಂತ ಮಾಡುವುದು?

ಪೆರ್ಲದ ಸ್ಪ್ಯಾನರ್
ಹೆದರಬೇಡಿ, ಒಂದು ಲೆಕ್ಕದಲ್ಲಿ ಈಗ ಸುಲಭ. ಒಳಗೆ ಜಾಗ ಆಯ್ತಲ್ಲ.

ಮೊದಲು ತುಂಡಿನ ಒಳಗೆ, ಆಚೆ ತುದಿಗಿಂತ ಮುಂದೆ, ಗ್ರೀಸ್ ಹಚ್ಚಿದ ಬಟ್ಟೆ ತುರುಕಿ. ಬಟ್ಟೆಗೆ ದಾರ ಕಟ್ಟಿ, ದಾರ ಹೊರಗೆ ಇರಲಿ. ಪುಡಿ ಪಂಪಿನ ಕಡೆ ಹೋದರೆ ಸೀಲ್ ಕೆರೆದು ಹೋಗ್ತದೆ.

ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು, ಉಳಿದ ಪೈಪಿನ ಒಳಗಿಂದ ಉದ್ದಕ್ಕೆ ಒಂದು ಗೀರು ಕೊಯ್ಯಿರಿ. ಪೂರ್ತಿ ಕೊಯ್ಯಬೇಡಿ, ಕಾಗದದಷ್ಟು ಉಕ್ಕು ಉಳಿಯಲಿ. ಆಗಾಗ ನಿಲ್ಲಿಸಿ ಬೆಳಕು ಹಾಕಿ ನೋಡಿ. ಗೀರಿನ ತಳ ಬಿಳಿಯಾಗಿ, ಪುಡಿ ಮೆತ್ತಗೆ ಬರಲಿಕ್ಕೆ ಸುರುವಾದರೆ ಬ್ಲೇಡ್ ಅಲ್ಯುಮಿನಿಯಂ ಮುಟ್ಟಿದೆ, ಅಲ್ಲಿಗೆ ಬಿಡಿ. ಎಡಗಡೆ ಒಂದು, ಅದರ ಪಕ್ಕ 10 ಮಿ.ಮೀ. ಬಿಟ್ಟು ಇನ್ನೊಂದು. ನಡುವಿನ ಪಟ್ಟಿಯ ತುದಿಗೆ ಸಣ್ಣ ಉಳಿ ಇಟ್ಟು ಒಳಮುಖವಾಗಿ ಮಡಚಿ. ಪಟ್ಟಿ ಮಡಚಿದ ಕೂಡಲೇ ಉಳಿದ ಸುತ್ತು ಸಡಿಲ ಆಗ್ತದೆ, ಉದ್ದ ಮೂತಿಯ ಪ್ಲೈಯರಿನಲ್ಲಿ ಸುರುಳಿ ಸುತ್ತಿ ತೆಗೆಯಿರಿ.

ಬದಿಯಡ್ಕ 1500
ಹೊಸ ಓ-ರಿಂಗಿಗೆ ಬೇರಿಂಗ್ ಗ್ರೀಸ್ ಹಚ್ಚಿ, ಮುಂದಿನ ಸಲ ಸುಲಭ.

ಪೆರ್ಲದ ಸ್ಪ್ಯಾನರ್
ದಯವಿಟ್ಟು ಬೇಡ. ರಬ್ಬರ್ ಇಪಿಡಿಎಂ ಆಗಿದ್ದರೆ ಪೆಟ್ರೋಲಿಯಂ ಗ್ರೀಸಿಗೆ ಉಬ್ಬಿ ಹಾಳಾಗ್ತದೆ. ನೈಟ್ರೈಲ್ ಆದರೆ ತಾಳ್ತದೆ, ಆದರೆ ನೋಡಿ ಗುರುತಿಸಲಿಕ್ಕೆ ಆಗುವುದಿಲ್ಲ. ಸಿಲಿಕೋನ್ ಗ್ರೀಸ್ ಅಥವಾ ಕೂಲಂಟನ್ನೇ ಹಚ್ಚಿ.

ಬದಿಯಡ್ಕ 1500
ಗ್ರೀಸ್ ಹಚ್ಚಿದ ಗಾಡಿಗಳು ಊರೆಲ್ಲ ಓಡ್ತಾ ಉಂಟು.

ಕುಂಬ್ಳೆ ಕೆಎಲ್14
ತುಂಡು ಬಂತು! ಬಟ್ಟೆಯೂ ಬಂತು. ಬ್ಲಾಕಿನ ತೂತಿನಲ್ಲಿ ಬಿಳಿ ಕಚ್ಚು, ಕೆಳಬದಿಯಲ್ಲಿ ಉಗುರಿಗೆ ಸಿಗುವ ಗುಳಿ ಉಂಟು. ಹಾಗೇ ಹಾಕಬಹುದಾ?

ಪೆರ್ಲದ ಸ್ಪ್ಯಾನರ್
ಗುಳಿ ಎಲ್ಲಿ ಅನ್ನುವುದು ಮುಖ್ಯ. ಹೊಸ ಪೈಪಿಗೆ ಓ-ರಿಂಗ್ ಹಾಕದೆ ಒಮ್ಮೆ ತೂರಿಸಿ, ಓ-ರಿಂಗ್ ಎಲ್ಲಿ ಕೂರ್ತದೆ ಅಂತ ಗುರುತು ಮಾಡಿ. ಗುಳಿ ಬಾಯಿಯ ಹತ್ತಿರ ಮಾತ್ರ ಇದ್ದರೆ ತೊಂದರೆ ಇಲ್ಲ. ಓ-ರಿಂಗ್ ಕೂರುವ ಸುತ್ತಿನಲ್ಲೇ ಇದ್ದರೆ ಬ್ರೇಕ್ ಕ್ಲೀನರಿನಲ್ಲಿ ತೊಳೆದು ಒಣಗಿಸಿ, ಶಾಖ ತಾಳುವ ಮೆಟಲ್ ಎಪಾಕ್ಸಿ ತುಂಬಿ, ಪಾಕೀಟಿನಲ್ಲಿ ಹೇಳಿದಷ್ಟು ಹೊತ್ತು ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ 400ರ ವಾಟರ್ ಎಮರಿ ಕಾಗದದಲ್ಲಿ ಸುತ್ತಲೂ ಸಮ ಉಜ್ಜಿ. ಉದ್ದಕ್ಕೆ ಉಜ್ಜಬೇಡಿ, ಆ ಗೀರಿನಲ್ಲೇ ನೀರು ಬರ್ತದೆ.

ಬ್ರಾಕೆಟಿನ 6 ಮಿ.ಮೀ. ಬೋಲ್ಟಿಗೆ ಬಿಗಿ 12 ನ್ಯೂಟನ್ ಮೀಟರ್, ಮ್ಯಾನಿಫೋಲ್ಡ್ ನಟ್ಟಿಗೆ 23, ಗ್ಯಾಸ್ಕೆಟ್ ಹೊಸತು. ಒಳಗೆ ಕೂಲಂಟ್ ಅರ್ಧ, ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಅರ್ಧ. ಹೀಟರ್ ಫುಲ್ ಇಟ್ಟು, ಕ್ಯಾಪ್ ತೆಗೆದು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಓಡಿಸಿ, ಇಳಿದಷ್ಟು ತುಂಬಿಸಿ.

ಕುಂಬ್ಳೆ ಕೆಎಲ್14
ಗುಳಿ ಓ-ರಿಂಗಿನ ಜಾಗದಲ್ಲೇ ಉಂಟು. ಎಪಾಕ್ಸಿ ತುಂಬಿದೆ. ಸೋಮವಾರಕ್ಕೆ ಗಾಡಿ ಆಗುವುದಿಲ್ಲ, ಬಸ್ಸಿಗೆ ಹೋಗ್ತೇನೆ.

ಉಪ್ಪಳ ಟೂಲ್‌ಬಾಕ್ಸ್
ಇಂಡಕ್ಷನ್ ಹೀಟರಿನ ಫೋಟೋ ಹಾಕಿದ್ದೇನೆ, ಮೇಲೆ ನೋಡಿ.