ಸಹಾಯ ಬೇಕು: ಸ್ಪೋರ್ ಆಟದ ಮಾನೋಲಿತ್ ಬಳಸಿದವರು ಇದ್ದೀರಾ?

ಎಲ್ಲರಿಗೂ ಧಾರವಾಡದ ಸಪ್ತಾಪುರದಿಂದ ನಮಸ್ಕಾರ. ಜೀವಿಯೊಂದನ್ನು ಹಂತಹಂತವಾಗಿ ಬೆಳೆಸುವ 2008ರ ಕಂಪ್ಯೂಟರ್ ಆಟ ಸ್ಪೋರ್ ಅನ್ನು ನಾನೂ ತಂಗಿಯೂ ಜೀವಕೋಶದಿಂದ ಆರಂಭಿಸಿ ಐದನೆಯ ಹಂತವಾದ ಬಾಹ್ಯಾಕಾಶಕ್ಕೆ ತಂದಿದ್ದೇವೆ. ಬರಡು ಗ್ರಹವೊಂದರ ಗಾಳಿ, ಬಿಸಿಲನ್ನು ಹದಕ್ಕೆ ತಂದು, ಸಣ್ಣ, ಮಧ್ಯಮ, ದೊಡ್ಡ ಗಿಡಗಳನ್ನು ನೆಟ್ಟು, ಎರಡು ಬಗೆಯ ಸಸ್ಯಾಹಾರಿ, ಒಂದು ಬಗೆಯ ಮಾಂಸಾಹಾರಿ ಪ್ರಾಣಿಗಳನ್ನು ಬಿಟ್ಟೆವು. ಮಳೆಗೆ ಮುಂಚೆ ಹೊಲ ಹಸನು ಮಾಡುವಷ್ಟೇ ತಾಳ್ಮೆ ಬೇಕಾಯಿತು!

ಈಗ ಆಟದ ಮಾನೋಲಿತ್ ಎಂಬ ಸಾಧನವನ್ನು ಆ ಗ್ರಹದಲ್ಲಿಟ್ಟು ಅಲ್ಲಿನ ಜೀವಿಗೆ ಬುದ್ಧಿ ಕೊಡುವ ಆಸೆ. ಅದು ಮೊದಲು ಬುಡಕಟ್ಟಾಗಿ, ಆಮೇಲೆ ನಗರ ಕಟ್ಟಿ, ಕೊನೆಗೆ ತಾನೇ ಬಾಹ್ಯಾಕಾಶಕ್ಕೆ ಬರುತ್ತದೆ ಎಂಬುದು ಗೊತ್ತು. ಆದರೆ ಆ ಮೂರು ಬಗೆಯ ಪ್ರಾಣಿಗಳಲ್ಲಿ ಯಾವುದಕ್ಕೆ ಬುದ್ಧಿ ಬರಬೇಕೆಂದು ನಾವೇ ಆರಿಸಬಹುದೇ? ತಂಗಿಗೆ ಉದ್ದ ಕತ್ತಿನ ಸಸ್ಯಾಹಾರಿಯ ಮೇಲೆ ಬಹಳ ಪ್ರೀತಿ, ನನಗೂ ಅದೇ ಬೇಕು. ಮುಂದೆ ಅವು ನಮಗೆ ಮಿತ್ರರಾಗುತ್ತವೆಯೇ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಆ ಗ್ರಹವನ್ನು ಮುಟ್ಟುವುದಿಲ್ಲ.